ಕುಡಿದಿ ಅಂದವರ್ಯಾರು?

“ಹೋದ ಕಿವಿ ಹೋತು ಮೌಶಿ. ಮಾಡಿದಾಕಿ ಯಾರು ಅನ್ನೂದು ಅವ್ವನ ಬಾಯಿಂದನ ಬಂದೈತಿ. ಇನ್ನೂ ಏನು ಕೆದರಾಕತ್ತೀರಿ ನೀವು?”

ವಿಜಯಕುಮಾರನ ಈ ಮಾತಿಗೆ ಅವನ ಅವ್ವನ ಗೆಳತಿ ಸುಹಾಸಿನಿಯ ಮೈಯೆಲ್ಲ ಉರಿದು ಹೋಯಿತು. ಹೋದ ಕಿವಿ ಹೋತಂತೆ! ರೈಲಿನಲ್ಲಿ ಕೊಡೆ ಮರೆತು ಬಂದವನೂ ಇದಕ್ಕಿಂತ ಹೆಚ್ಚು ಹಳಹಳಿಸುತ್ತಾನೆ.

“ಹಡದಾಕಿ ಕಿವಿ ಅಂತ ಇಷ್ಟು ಅಗ್ಗ ಆತೇನಪಾ? ನಿನ್ನದು ಹೋಗಿದ್ರ ಹಿಂಗ ಅಂತಿದ್ದೇನು?”

“ಸಂಜೀಕ ಪೊಲೀಸರು ಬರ್ತಾರ, ಸ್ನೇಹಲತಾನ್ನ ಒಯ್ತಾರ. ಮಧ್ಯಾಹ್ನ ನಾ ಅವ್ವನ್ನ ಮನಿಗೆ ಕರಕೊಂಡು ಹೋಗ್ತೀನಿ. ಮುಗೀತಲ್ಲ?” ಎಂದು ವಿಜಯಕುಮಾರ ಬಿಲ್ಲು ಕಟ್ಟಲು ಕೆಳಗಿಳಿದು ಹೋದ. ಕಟ್ಟಿಕೊಂಡ ಹೆಂಡತಿಯನ್ನು ಜೈಲಿಗೆ ಕಳಿಸುವ ಮಾತನ್ನು ಹಾಲಿನವನಿಗೆ ನಾಳೆ ಹಾಲು ಬೇಡ ಎಂದಷ್ಟು ಸಲೀಸಾಗಿ ಹೇಳಿದ್ದ.

ಮುಗಿದಿರಲಿಲ್ಲ. ಮುಗಿಯುವುದು ಹಾಗಿರಲಿ, ಇನ್ನೊಮ್ಮೆ ಶುರುವಾಗುವುದರಲ್ಲಿತ್ತು.

ವಿಜಯಕುಮಾರನ ಅವ್ವ ಬಸಲಿಂಗಮ್ಮನ ಬಲಗಿವಿ ಒಂದೇ ಏಟಿಗೆ ಸತ್ತು ಹೋಗಿತ್ತು. ಊಟ ಮಾಡಿ ಅಡ್ಡಾದವಳಿಗೆ ತಲೆ ಗಿರ್ರನೆ ತಿರುಗಿ, ಕಿವಿಯೊಳಗೆ ಗಿರಣಿ ಹೊಡೆದಂಥ ಸದ್ದಾಗಿ, ಆಮೇಲೆ ಆ ಕಡೆ ಏನೂ ಇಲ್ಲ. ಹೈದರಾಬಾದಿನ ಲಿಂಗಂಪಲ್ಲಿ ಸ್ಟೇಷನ್ನಿಗೆ ಅಂಟಿಕೊಂಡ ಈ ಆಸ್ಪತ್ರೆಯಲ್ಲಿ ಸ್ಕ್ಯಾನು ಮಾಡಿ, ಒಳಗಿವಿಯೊಳಗೆ ರಕ್ತ ಸೋರಿ ತುಂಬಿದೆ ಎಂದರು. ರಕ್ತ ಯಾಕೆ ಸೋರಿತು? ಡಾಕ್ಟರ್ ಲಹರಿ ರಕ್ತ ಪರೀಕ್ಷೆ ಮಾಡಿಸಿದರು. ಹೆಪ್ಪುಗಟ್ಟುವುದನ್ನೇ ಅದು ಮರೆತಿತ್ತು.

“ರಕ್ತ ತೆಳು ಮಾಡೋ ಗುಳಿಗೆ ಹೊಟ್ಟೆಗೆ ಹೋಗಿದೆ ಮೇಡಂ,” ಎಂದಿದ್ದರು ಲಹರಿ. “ಹೃದಯದ ಕವಾಟ ಬದಲಾಯಿಸಿಕೊಂಡವರು ತಗೋತಾರೆ. ಅವರೂ ತಿಂಗಳಾ ತಿಂಗಳಾ ರಕ್ತ ಪರೀಕ್ಷೆ ಮಾಡಿಸ್ತಾ, ಅಳತೆ ನೋಡಿಕೊಂಡು ತಗೋಬೇಕು. ಈ ಅಮ್ಮನಿಗೆ ಅದು ಬೇಕೇ ಇರಲಿಲ್ಲ. ಯಾರೋ ಕೊಟ್ಟಿದ್ದಾರೆ. ಈಗೇನೋ ಇಂಜೆಕ್ಷನ್ ಕೊಟ್ಟು ತಡೆದಿದ್ದೀವಿ. ಇನ್ನೊಮ್ಮೆ ಹೊಟ್ಟೆಗೆ ಹೋದರೆ ಎಡಗಿವಿ ಹೋಗಬಹುದು, ಇಲ್ಲವೇ ಮಿದುಳಿನಲ್ಲೇ ರಕ್ತ ಸೋರಬಹುದು.”

ಅಂದರೆ ಕೊಟ್ಟವರ ಕಣ್ಣು ಕಿವಿಯ ಮೇಲೆ ಇರಲೇ ಇಲ್ಲ, ಜೀವದ ಮೇಲಿತ್ತು. ಪಾಪದ ಕಿವಿ ತಾನು ಸತ್ತು ಚಾಡಿ ಹೇಳಿತ್ತು.

ಮಧ್ಯಾಹ್ನ ಬಸಲಿಂಗಮ್ಮ ಮನೆಗೆ ಹೋಗುತ್ತಾಳೆ. ಹೋಗಿ ಯಾರ ಕೈಯ ಅನ್ನ ಉಣ್ಣಬಾರದು? ಸುಹಾಸಿನಿಗೆ ಬೇಕಾಗಿದ್ದದ್ದು ಆ ಒಂದು ಹೆಸರು.

ಹೊರಗಿನ ಬೆಂಚಿನ ಮೇಲೆ ಸೊಸೆ ಸ್ನೇಹಲತಾ ಕುಳಿತಿದ್ದಳು. ಅತ್ತೆಯ ಹಾಸಿಗೆಯ ಹತ್ತಿರ ಸುಳಿಯಕೂಡದು ಎಂದು ಗಂಡನ ಅಪ್ಪಣೆ. ಮಜ್ಜಿಗೆ ಕೊಡುವವಳು ಅವಳೇ, ಗುಳಿಗೆ ಕೊಡುವವಳೂ ಅವಳೇ. ಸಾಲದ್ದಕ್ಕೆ ಬಸಲಿಂಗಮ್ಮ ಒಂದು ಮಾತು ಹೇಳಿಬಿಟ್ಟಿದ್ದಳು. ತಲೆ ತಿರುಗಿ ಬಿದ್ದಿದ್ದಾಗ ಅಡುಗೆಮನೆ ಕಡೆಯಿಂದ ಪಿಸುಪಿಸು ದನಿ ಬಂತು: “ಕುಡಿದಿ… ಕುಡಿದಿ… ಸವಿ…”

ಕುಡಿದೆಯಾ, ಸವಿಯಾಗಿತ್ತಾ ಎಂದು ಅಣಕಿಸಿದಂತೆ! ಅಡುಗೆಮನೆಯಲ್ಲಿ ಇದ್ದವಳು ಸ್ನೇಹಲತಾ ಒಬ್ಬಳೇ.

ಅಣ್ಣನ ಬೆನ್ನು ಕಂಡ ಮೇಲೆಯೇ ಸುವರ್ಣಾ ಒಳಗೆ ಬಂದಳು. ಬಸಲಿಂಗಮ್ಮನ ಮಗಳು, ವಿಜಯಕುಮಾರನ ತಂಗಿ. ಬಾಲಾನಗರದಲ್ಲಿ ಅಪ್ಪ ಸೂಗಪ್ಪ ಬಿಟ್ಟುಹೋದ ಲೇತ್ ಮಷೀನಿನ ಶೆಡ್ಡಿನ ಸಲುವಾಗಿ ಅಣ್ಣತಂಗಿ ಜಗಳಾಡಿ, ಅಣ್ಣ ಅವಳಿಗೆ ಮನೆಯ ಹೊಸ್ತಿಲು ಮುಚ್ಚಿದ್ದ. ಇಬ್ಬರಿಗೂ ಬೇಡ, ತಾನಿರುವ ತನಕ ತೆರೆಯುವುದೇ ಬೇಡ ಎಂದು ಬಸಲಿಂಗಮ್ಮ ಶೆಡ್ಡಿಗೆ ತಾನೇ ಕೀಲಿ ಜಡಿದಿದ್ದಳು.

ಸುವರ್ಣಾ ಹಾಸಿಗೆಯ ಎಡಕ್ಕೆ ಕುಳಿತು ಅವ್ವನ ಹಣೆ ಸವರಿದಳು. ಕೆಂಪು ಮುಚ್ಚಳದ ಸ್ಟೀಲ್ ಬಾಟಲಿಯನ್ನು ಮೇಜಿನ ಮೇಲಿಟ್ಟಳು.

“ಅಂಬಲಿ ತಂದೀನವಾ. ಈಗ ಬ್ಯಾಡ. ಹೊಂಡೂಮುಂದ ನಾನ ಕುಡಸ್ತೀನಿ.”

“ನೀ ಕಡೀಕ ಆ ಮನಿಗೆ ಹೋಗಿದ್ದು ಯಾವಾಗ ಸುವರ್ಣಾ?” ಎಂದಳು ಸುಹಾಸಿನಿ.

“ಉಗಾದಿಗೂ ಕರೀಲಿಲ್ಲ ನೋಡ್ರಿ ಮೌಶಿ. ಹೊಸ್ತಿಲಾ ತುಳದಿಲ್ಲ ಅವತ್ತಿಂದ. ಅವ್ವನ ಮಾರಿ ನೋಡಾಕ ಆಕಿ ಕಿವಿ ಹೋಗಬೇಕಾತು.” ಕಣ್ಣು ಒರೆಸಿಕೊಂಡಳು. ಒದ್ದೆ ಇತ್ತೋ ಇಲ್ಲವೋ, ಸುಹಾಸಿನಿ ಆಗ ನೋಡಲಿಲ್ಲ. “ಬರ್ತೀನಿ, ಕೆಳಗ ನಮ್ಮತ್ತಿ ಕುಂತಾಳ. ಆಕೀದು ತಿಂಗಳಾ ತಿಂಗಳಾ ರಕ್ತ ತಗೀತಾರಲ್ರಿ, ಇವತ್ತ ಆ ಪಾಳಿ.”

ಅವಳು ಹೋದದ್ದೇ ಸುಹಾಸಿನಿ ಕುರ್ಚಿಯನ್ನು ಎಡಗಿವಿಯ ಕಡೆ ಎಳೆದುಕೊಂಡಳು.

“ಬಸಕ್ಕಾ, ಇನ್ನೊಮ್ಮೆ ಹೇಳು. ಆ ದನಿ ಗಂಡಸಿನದೋ ಹೆಂಗಸಿನದೋ?”

“ಪಿಸುಮಾತಿಗೆ ಗಂಡು ಹೆಣ್ಣು ಐತೇನವಾ? ಎಷ್ಟು ಸಲ ಕೇಳ್ತಿ! ಆ ಡಾಕ್ಟರ್ ಹುಡುಗಿ ಕೇಳ್ತಾಳ, ಪೊಲೀಸಪ್ಪ ಕೇಳ್ತಾನ, ನೀ ಕೇಳ್ತಿ. ಒಂದ ಕಿವಿ ಉಳದೈತಿ, ಅದನ್ನೂ ತಿಂದುಬಿಡ್ರಿ ಎಲ್ಲಾರೂ ಕೂಡಿ!” ಬಸಲಿಂಗಮ್ಮ ಸಿಟ್ಟಿನಿಂದ ಹೊದಿಕೆ ಒದ್ದಳು. “ಕೈ ಹೋದ್ರ ಕಾಣತೈತಿ, ಕಾಲು ಹೋದ್ರ ಕಾಣತೈತಿ. ಇದು ಯಾರಿಗೂ ಕಾಣಂಗಿಲ್ಲ. ನಾ ಜಾಣಗಿವುಡಿ ಅಂತ ನನ್ನ ಮಗಾನ ಅಂತಾನ!”

“ಆತು, ಬಿಡು. ಹಗಲೆಲ್ಲ ಮನಿಗೆ ಬ್ಯಾರೆ ಯಾರರ ಬರ್ತಿದ್ರೇನು? ವಿಜೂ ಇಲ್ಲದಾಗ?”

ಬಸಲಿಂಗಮ್ಮ ಕಿಟಕಿ ನೋಡಿದಳು. “ಏನಂದಿ? ಕೇಳಸಂಗಿಲ್ಲ.”

ಸುಹಾಸಿನಿ ಕುಳಿತದ್ದು ನೆಟ್ಟಗಿದ್ದ ಕಿವಿಯ ಪಕ್ಕದಲ್ಲಿ. ಮಗ ಅಂದದ್ದು ಈ ಒಂದು ಪ್ರಶ್ನೆಯ ಮಟ್ಟಿಗೆ ನಿಜವಾಗಿತ್ತು. ಇದು ಅಪ್ಪಟ ಜಾಣಗಿವುಡು. ಯಾರನ್ನು ಕಾಯುತ್ತಿದ್ದಾಳೆ ಇವಳು? ಇನ್ನೊಮ್ಮೆ ಕೇಳಬೇಕು ಎನ್ನುವಷ್ಟರಲ್ಲಿ ಲೋಕಲ್ ರೈಲೊಂದು ಕೂಗಿಕೊಂಡು ಸ್ಟೇಷನ್ ಬಿಟ್ಟಿತು.

“ನೋಡು, ಈ ಗ್ವಾಡಿ ಹಿಂದನ ರೈಲು ಹೊಂಟೈತಿ. ನಿದ್ದಿ ಹೆಂಗ ಬರಬೇಕು?” ಬಸಲಿಂಗಮ್ಮ ಎಡಗಡೆಯ ಗೋಡೆಗೆ ಕೈ ಮಾಡಿದಳು.

ಹಳಿ ಇದ್ದದ್ದು ಬಲಗಡೆ. ಅವಳು ಈಗಷ್ಟೇ ನೋಡಿದ ಕಿಟಕಿಯ ಆಚೆ.

ಸುಹಾಸಿನಿ ಎದ್ದು ಹಾಸಿಗೆ ಸುತ್ತಿ ಬಲಕ್ಕೆ ಹೋಗಿ, ಹಿಂದೆ ನಿಂತು ಚಪ್ಪಾಳೆ ತಟ್ಟಿದಳು. ಬಸಲಿಂಗಮ್ಮನ ಮುಖ ಎಡಕ್ಕೇ ಹೊರಳಿತು. “ಯಾರದು?”

ಒಂದೇ ಕಿವಿ ಉಳಿದವರಿಗೆ ದಿಕ್ಕು ಇರುವುದಿಲ್ಲ. ಲೋಕದ ಸದ್ದೆಲ್ಲ ಬದುಕಿರುವ ಕಿವಿಯ ಕಡೆಯಿಂದಲೇ ಬಂದಂತೆ. ಸುಹಾಸಿನಿ ಕಣ್ಣು ಮುಚ್ಚಿ ಆ ಮನೆಯ ಕೋಣೆಯನ್ನು ನೆನೆದಳು. ಮಂಚದ ಎಡಕ್ಕೆ ಅಡುಗೆಮನೆ. ಬಲಕ್ಕೆ ಬಾಲ್ಕನಿ.

ಹಾಗಾದರೆ ಅಡುಗೆಮನೆಯಿಂದ ಬಂದ ದನಿ ಅಡುಗೆಮನೆಯದೇ ಆಗಬೇಕೆಂದಿಲ್ಲ!

ಪಾಳಿ ಬದಲಾಗಿ ಬಂದ ನರ್ಸ್ ಕೋಕಿಲಾ ಬಾಗಿಲು ತಳ್ಳಿದಳು. ತೆಲುಗಿನ ಹುಡುಗಿ, ನಗುಮುಖ. “ಅಮ್ಮಾ, ಏ ಚೆವಿ? ಕುಡಿದಾ, ಎಡಮದಾ?”

ಯಾವ ಕಿವಿ, ಬಲಗಡೆಯದೋ ಎಡಗಡೆಯದೋ ಎಂದು ಕೇಳಿದ್ದು. ಬಸಲಿಂಗಮ್ಮ ಮದುವೆಯಾಗಿ ಬಂದಾಗಿನಿಂದ ಹೈದರಾಬಾದಿನ ನೀರು ಕುಡಿದವಳು. ಬಲಗಿವಿ ಹಿಡಿದುಕೊಂಡು ಥಟ್ಟನೆ ತೆಲುಗಿನಲ್ಲೇ ಅಂದಳು: “ಕುಡಿದಿ, ಕುಡಿದಿ!”

ಸುಹಾಸಿನಿಗೆ ಯಾರೋ ಕೆನ್ನೆಗೆ ಬಾರಿಸಿದಂತಾಯಿತು.

ಕುಡಿದಿ. ಕನ್ನಡದಲ್ಲಿ ನೀನು ಕುಡಿದೆ. ತೆಲುಗಿನಲ್ಲಿ ಬಲಗಡೆಯದು. ಹಾಗೆಯೇ ಸವಿ ಅಲ್ಲ, ಚೆವಿ. ಗುಂಯ್ಗುಡುವ ಕಿವಿಗೆ ಚಕಾರ ಸಕಾರವಾಗಿ ಬಿದ್ದಿತ್ತು. ಇವರೆಲ್ಲ ಹೊಸ್ತಿಲ ಹೊರಗೆ ತೆಲುಗು, ಒಳಗೆ ಕನ್ನಡ ಎಂದು ಗೆರೆ ಹೊಡೆದುಕೊಂಡವರು. ಮನೆಯೊಳಗೆ ಕೇಳಿದ್ದು ಕನ್ನಡವೇ ಇರಬೇಕು ಎಂದು ಆ ಮುದುಕಿ ನಂಬಿದಳು. ಸಿಟಿ ಕೋರ್ಟಿನಲ್ಲಿ ಕನ್ನಡ, ತೆಲುಗು, ಉರ್ದು ಮೂರಕ್ಕೂ ದುಭಾಷಿಯಾಗಿ ನಿವೃತ್ತಳಾದ ಸುಹಾಸಿನಿಯೂ ನಂಬಿದಳಲ್ಲ! ಮಲ್ಕಾಜ್‌ಗಿರಿಯ ಮನೆ ಮುಂದೆ ಪತ್ತೇದಾರಿಣಿ ಎಂದು ಬೋರ್ಡು ಬೇರೆ!

ತನ್ನ ಮೇಲಿನ ಸಿಟ್ಟನ್ನು ಕಾಲಿಗಿಳಿಸಿಕೊಂಡು ಬೆಂಚಿನ ಹತ್ತಿರ ಹೋದಳು.

“ಸ್ನೇಹಾ, ತೆಲುಗಿನ್ಯಾಗ ಬಲಗಡೆಗೆ ಏನಂತಾರ?”

ಕಲಬುರ್ಗಿ ಕಡೆಯ ಹುಡುಗಿ ಬೆಪ್ಪಾಗಿ ನೋಡಿದಳು. “ನನಗ ಎಲ್ಲಿ ಬರತೈತ್ರಿ? ಆಟೋದವರಿಗೆ ಕೈ ತೋರಸ್ತೀನಿ. ಅದಕ್ಕ ಮನ್ಯಾಗ ಎಲ್ಲಾರೂ ನಗತಾರಲ್ರಿ.” ಆಮೇಲೆ ಸುಹಾಸಿನಿಯ ಸೆರಗು ಹಿಡಿದಳು. “ಮೌಶಿ, ಖರೇ ಹೇಳ್ರಿ, ಅತ್ತಿಯವರು ನಾನ ವಿಷಾ ಹಾಕೀನಂತ ನಂಬ್ಯಾರೇನ್ರಿ?”

“ಆಕಿ ಕಿವಿ ನಂಬ್ಯದ, ಆಕಿ ಅಲ್ಲ. ಏಳು. ಡಾಕ್ಟರ್ ಲಹರಿ ಎಲ್ಲಿದ್ರೂ ಹುಡುಕಿ ಕರಕೊಂಡು ಬಾ. ಇವತ್ತ ಡಿಸ್ಚಾರ್ಜ್ ಬ್ಯಾಡ ಅಂತ ನಾ ಹೇಳೀನಿ ಅನ್ನು. ಓಡು.”

ಸ್ನೇಹಲತಾ ಓಡಿದಳು.

ವಿಜಯಕುಮಾರ ಕೆಳಗೆ ಪಾರ್ಕಿಂಗಿನ ಚಹಾದ ಗಾಡಿಯ ಹತ್ತಿರ ಉಸ್ಮಾನಿಯಾ ಬಿಸ್ಕೀಟು ಅದ್ದಿ ತಿನ್ನುತ್ತ ನಿಂತಿದ್ದ. ಹಸಿವೇನೂ ಕಮ್ಮಿಯಾಗಿರಲಿಲ್ಲ.

“ಚಾ ಹೇಳ್ಲೇನ್ರಿ ಮೌಶಿ?”

“ನಿನ್ನ ಚಾ ನೀನ ಕುಡಿ. ಆ ದಿನಾ ಮಧ್ಯಾಹ್ನ ಎಲ್ಲಿದ್ದಿ?”

“ಎಷ್ಟು ಸಲ ಹೇಳಲಿ? ಬಾಲಾನಗರದಾಗ. ಕೆಲಸದ ಮ್ಯಾಲ.”

“ವಿಜೂ, ನನ್ನ ಕಿವಿ ಮ್ಯಾಲ ಹೂವು ಇಡ್ಲಿಕ್ಕೆ ಬರಬ್ಯಾಡ. ನಿಮ್ಮವ್ವ ಕೇಳಿದ ಮಾತು ಅಡಗಿಮನಿಯಿಂದ ಬಂದಿದ್ದಲ್ಲ.”

“ಮತ್ತೆಲ್ಲಿಂದ ಬರ್ತದ?” ನಕ್ಕ. “ಬಾಲ್ಕನಿಯಿಂದ ಅಂತೀರೇನು? ಗಾಜಿನ ಬಾಗಲಾ ಎಳದಿದ್ದೆ ನಾ, ಅದ್ಹೆಂಗ…”

ಬಿಸ್ಕೀಟು ಮುರಿದು ಚಹಾದೊಳಗೆ ಬಿತ್ತು.

ಸುಹಾಸಿನಿ ಅನ್ನಬೇಕಾದದ್ದನ್ನು ಅವನೇ ಅಂದುಬಿಟ್ಟಿದ್ದ. ಚಹಾದವನು ಕೂಡ ಕೆಟಲು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದ.

“ನೀ ಮನ್ಯಾಗಿದ್ದಿ,” ಎಂದಳು. “ಹಡದಾಕಿ ಒಳಗ ಉರುಳ್ಯಾಡ್ಲಿಕ್ಕತ್ತಿದ್ಲು, ನೀ ಬಾಲ್ಕನ್ಯಾಗ ನಿಂತು ಫೋನಿನ್ಯಾಗ ಪಿಸುಗುಟ್ಟಿದಿ. ಕುಡಿದಿ, ಚೆವಿ! ಬಲಗಿವಿ ಹೋತು ಅಂತ ಯಾರಿಗೆ ಸುದ್ದಿ ಮುಟ್ಟಿಸಿದಿ? ಆಕಿಗೇ ಇನ್ನೂ ತಿಳಿದಿರಲಿಲ್ಲ, ನಿನಗ್ಹೆಂಗ ತಿಳೀತು?”

ವಿಜಯಕುಮಾರ ಅವಳನ್ನು ಮಿಕಿಮಿಕಿ ನೋಡಿದ. ಆಮೇಲೆ ಅಳುವೋ ನಗುವೋ ತಿಳಿಯದಂಥ ಸದ್ದು ಹೊರಡಿಸಿದ.

“ಮೌಶಿ, ತೆಲುಗಿನ್ಯಾಗ ಕೀಲೀಕೈಗೂ ಚೆವಿ ಅಂತಾರಲ್ರಿ. ತಾಳಂ ಚೆವಿ. ನೀವು ಕೋರ್ಟಿನವರು, ನಿಮಗ ನಾ ಹೇಳಬೇಕಾ?”

ಇವತ್ತಿಗೆ ಎರಡನೆಯ ಕೆನ್ನೆಯೂ ಆಯಿತು. ಸುಹಾಸಿನಿ ತುಟಿ ಕಚ್ಚಿದಳು.

“ಶೆಡ್ಡಿನ ಶಟರಿಗೆ ಅವ್ವ ಎರಡೂ ಕಡೆ ಕೀಲಿ ಹಾಕ್ಯಾಳ. ಆಕಿ ದಿಂಬಿನ ಕೆಳಗ ಎಡಗಡೆದು ಚಾವಿ ಅಷ್ಟ ಸಿಕ್ತು. ಬಲಗಡೆದು ಸಿಗಲಿಲ್ಲ. ಅಲ್ಲಿ ನಿಂತಿದ್ದ ಕೆಲಸದವಗ ಹೇಳಿದ್ನಿ: ಕುಡಿದಿ ಪಗಲಗೊಟ್ಟು, ಚೆವಿ ದೊರಕಲೇದು. ಬಲಗಡೆದು ಒಡಿ, ಚಾವಿ ಸಿಗಲಿಲ್ಲ. ಅಷ್ಟ ರೀ. ನನ್ನಪ್ಪನ ಮಷೀನು, ನನ್ನ ಶೆಡ್ಡು!”

“ದಿಂಬಿನ ಕೆಳಗ ಕೈ ಹಾಕಿದಾಗ ದಿಂಬಿನ ಮ್ಯಾಲ ಆಕಿ ತಲಿ ಇತ್ತಲ್ಲೋ!”

ಅವನು ಕಣ್ಣು ತಪ್ಪಿಸಿದ. “ಮಲಗ್ಯಾಳಂತ ತಿಳದಿದ್ನಿ.”

“ನರಳ್ಲಿಕ್ಕತ್ತಿದ್ಲು. ಅದು ನಿನ್ನ ಎರಡೂ ಕಿವಿಗೆ ಕೇಳಲಿಲ್ಲ. ಚಾವಿ ಗಿಲಿಗಿಲಿ ಅಂದದ್ದು ಮಾತ್ರ ಕೇಳಿತು. ಈ ಊರಾಗ ಖರೇ ಕಿವುಡ ಯಾರು ಅಂತ ಕೇಳಿದ್ರ ನಾ ನಿನ್ನ ಕಡೆ ಬಟ್ಟು ಮಾಡ್ತೀನಿ ನೋಡು!”

“ಕಳವು ಅನ್ರಿ, ಏನರ ಅನ್ರಿ. ವಿಷಾ ನಾ ಹಾಕಿಲ್ಲ. ನನ್ನವ್ವನ ಮ್ಯಾಲ ಆಣಿ.”

ಆಣೆಗೆ ಬೆಲೆ ಇರಲಿ ಬಿಡಲಿ, ಮುಖದಲ್ಲಿ ಬೆವರಿತ್ತು. ಕೀಲಿ ಒಡೆಸಿದವನ ಬೆವರು. ಕೊಲ್ಲುವವನು ಕೀಲಿ ಒಡೆಸುವ ಉಸಾಬರಿಗೆ ಯಾಕೆ ಹೋಗುತ್ತಾನೆ? ಅವ್ವ ಸತ್ತರೆ ಎರಡೂ ಚಾವಿ ತಾವಾಗೇ ಕೈಗೆ ಬರುತ್ತಿದ್ದವಲ್ಲ. ಸುಹಾಸಿನಿ ಉಸಿರು ಎಳೆದುಕೊಂಡಳು.

“ಆ ಬಾಲ್ಕನಿಯಿಂದ ಗೇಟು ಕಾಣ್ತದ. ಯಾರರ ಬಂದು ಹೋದ್ರೇನು?”

ಅವನು ಚಹಾದೊಳಗೆ ಮುಳುಗಿದ ಬಿಸ್ಕೀಟು ಹುಡುಕತೊಡಗಿದ.

“ವಿಜೂ!”

“ಸುವರ್ಣಾ,” ಎಂದ. “ನಾ ಮ್ಯಾಲ ಬಂದು ನಿಂತಾಗ ಗೇಟು ದಾಟಿ ಹೊಂಟಿದ್ಲು. ಕೈಯಾಗ ಕೆಂಪು ಮುಚ್ಚಳದ ಬಾಟ್ಲಿ ಇತ್ತು. ನಾ ಬರಬ್ಯಾಡ ಅಂದೀನಿ ಅಂತ, ನಾ ಇಲ್ಲದ, ಸ್ನೇಹಲತಾ ಅಡಗಿಮನ್ಯಾಗಿರೂ ಹೊತ್ತು ನೋಡಿ ಅವ್ವಗ ಏನರ ತಂದು ಕೊಟ್ಟು ಹೋಗ್ತಾಳನಸ್ತೈತಿ. ಅವ್ವನೂ ನನ್ನ ಮುಂದ ಹೇಳಂಗಿಲ್ಲ.”

“ಇದನ್ನ ಯಾಕ ಇಷ್ಟು ದಿನಾ ಹೇಳಲಿಲ್ಲೋ?”

“ಹೇಳಿದ್ರ ನಾನೂ ಮನ್ಯಾಗಿದ್ದೆ ಅಂತ ಆಗ್ತಿತ್ತಲ್ರಿ!”

ಒಂದು ಕೀಲಿ ಮುಚ್ಚಿಡಲು ಇವನು ಹೆಂಡತಿಯನ್ನು ಜೈಲಿಗೆ ಕಳಿಸಲು ಹೊರಟಿದ್ದ. ಮಗಳು ಕದ್ದು ಬರುವುದನ್ನು ಮುಚ್ಚಿಡಲು ಆ ತಾಯಿ ಜಾಣಗಿವುಡಿಯಾಗಿದ್ದಳು. ಹೊಸ್ತಿಲೇ ತುಳಿದಿಲ್ಲ ಎಂದ ಮಗಳು! ತಿಂಗಳಾ ತಿಂಗಳಾ ರಕ್ತ ಕೊಡುವ ಅವಳ ಅತ್ತೆ!

“ನಿನ್ನ ತಂಗಿಯ ಅತ್ತಿಯವರಿಗೆ ಏನು ಜಡ್ಡದ?”

“ಹೃದಯದ ಆಪರೇಷನ್ ಆಗೇತ್ರಿ. ಕವಾಟ ಹಾಕ್ಯಾರ. ದಿನಾ ಗುಳಗಿ ನುಂಗ್ತಾಳ. ಯಾಕ್ರಿ?”

ಸುಹಾಸಿನಿ ಒಳಗೆ ಓಡಿದಳು. ಲಿಫ್ಟಿನ ಮುಂದೆ ಜನ ಜಾತ್ರೆಯಂತೆ ನೆರೆದಿದ್ದರು. ಮೊಣಕಾಲು ಬೇಡ ಬೇಡ ಎಂದರೂ ಕೇಳದೆ ಸೀರೆಯ ನಿರಿಗೆ ಎತ್ತಿ ಹಿಡಿದು ಮೆಟ್ಟಿಲು ಹತ್ತಿದಳು. ಕಾವಲಿಗಿದ್ದ ಒಬ್ಬಳೇ ಸೊಸೆಯನ್ನು ನಾನೇ ಕೈಯಾರೆ ಬೇರೆ ಕಡೆ ಓಡಿಸಿದ್ದೆನಲ್ಲ ಎಂಬ ಸಿಟ್ಟು ಅವಳನ್ನು ಹಿಂದಿನಿಂದ ದೂಡುತ್ತಿತ್ತು.

ವಾರ್ಡಿನ ಹಾಸಿಗೆ ಖಾಲಿ. ಮೇಜಿನ ಮೇಲೆ ಬಾಟಲಿ ಇಲ್ಲ.

“ಅಮ್ಮಗಾರಿ ಕೂತುರು ತೀಸುಕೆಳ್ಳಿಂದಿ,” ಎಂದಳು ಕೋಕಿಲಾ. ಮಗಳು ಕರೆದುಕೊಂಡು ಹೋದಳು.

ಕಾರಿಡಾರಿನ ಆ ತುದಿಯಲ್ಲಿ ಇನ್ನೊಂದು ಲಿಫ್ಟು. ಅದರ ಮುಂದೆ ಗಾಲಿಕುರ್ಚಿ, ಕುರ್ಚಿಯಲ್ಲಿ ಬಸಲಿಂಗಮ್ಮ. ಸುಹಾಸಿನಿಯ ಕಡೆಗಿದ್ದದ್ದು ಬಲಗಿವಿ. ಅವಳ ಎಡಗಡೆ ಬಾಗಿ ನಿಂತ ಸುವರ್ಣಾ ಕೆಂಪು ಮುಚ್ಚಳಕ್ಕೇ ಅಂಬಲಿ ಬಗ್ಗಿಸಿ ಅವ್ವನ ಕೈಗೆ ಕೊಡುತ್ತಿದ್ದಳು.

“ಬಸಕ್ಕಾ! ಕುಡೀ…”

ಬ್ಯಾಡ ಎನ್ನುವುದು ಬಾಯಿಂದ ಹೊರಟದ್ದೂ ಲಿಫ್ಟಿನ ಗಂಟೆ ಹೊಡೆದದ್ದೂ ಒಂದೇ ಸಲಕ್ಕೆ ಆಯಿತು.

ಬಸಲಿಂಗಮ್ಮನ ಮುಖ ಅರಳಿತು. ಗೆಳತಿಯ ದನಿ ಅವಳಿಗೆ ಗುರುತು ಸಿಕ್ಕಿತ್ತು, ದಿಕ್ಕು ಸಿಗಲಿಲ್ಲ. ಎಡಕ್ಕೆ ಹೊರಳಿ, ಮಗಳ ಭುಜದಾಚೆ ಯಾರೂ ಇಲ್ಲದ ಗೋಡೆಯ ಕಡೆ ನೋಡುತ್ತ ಗದರಿದಳು.

“ಕುಡೀತೀನಿ ತಡಿಯವಾ! ಅದಕ್ಯಾಕ ಹಂಗ ಒದರ್ತಿ?”

ಎರಡೂ ಕಿವಿ ನೆಟ್ಟಗಿದ್ದ ಸುವರ್ಣಾ ಮಾತ್ರ ತಲೆಯೆತ್ತಿ ನೇರ ಸುಹಾಸಿನಿಯನ್ನೇ ನೋಡಿದಳು. ನೋಡುತ್ತಲೇ ಕಾಲಿನಿಂದ ಗಾಲಿಕುರ್ಚಿಯನ್ನು ಲಿಫ್ಟಿನೊಳಗೆ ದೂಡಿದಳು.

ಬಸಲಿಂಗಮ್ಮ ಮುಚ್ಚಳವನ್ನು ತುಟಿಗಿಟ್ಟಳು. ಬಾಗಿಲು ಮುಚ್ಚಿತು.